ನಾಲ್ಕು ವರ್ಷದ ಮಗು ಯಾವ ಸ್ಪರ್ಧೆಯಲ್ಲಿ ಸೋತಿದೆ?

ತುಮಕೂರಿನ ಕ್ಯಾತ್ಸಂದ್ರದಲ್ಲಿ ನಮ್ಮ ಬಂಧುವೊಬ್ಬರ ಮನೆಯಲ್ಲಿ ಈಚೆಗೆ ಒಂದು ರಾತ್ರಿ ತಂಗಿದ್ದೆವು. ಆ ಮನೆಯ ತಂದೆ ತನ್ನ ನಾಲ್ಕು ವರ್ಷದ ಮಗನ ಶಾಲಾ ಡೈರಿಯನ್ನು ನಮ್ಮ ಮುಂದಿಟ್ಟರು. ಮಗು ಅಕ್ಷರ ಗುರುತಿಸುವುದರಲ್ಲಿ ತೀರಾ ಹಿಂದಿದೆ, ಮನೆಯಲ್ಲಿ ಬರೆಸದಿದ್ದರೆ ಎಲ್‌ಕೆಜಿಯಲ್ಲೇ ಇನ್ನೊಂದು ವರ್ಷ ಕೂರಿಸಬೇಕಾದೀತು ಎಂದು ಅದರಲ್ಲಿ ಕೆಂಪು ಶಾಯಿಯಲ್ಲಿ ಬರೆದಿತ್ತು. “ಮೌಲಾನಾ, ಪಕ್ಕದ ಮನೆ ಹುಡುಗ ಆಗಲೇ ಎಲ್ಲಾ ಬರೀತಾನೆ. ಇವನನ್ನ ಟ್ಯೂಷನ್‌ಗೂ ಹಾಕಿದ್ದೀವಿ, ತಲೆಗೇ ಹತ್ತಲ್ಲ” ಎಂದರು ತಂದೆ. ಮಗು ಬಾಗಿಲ ಮರೆಯಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿತ್ತು.

ಮರುದಿನ ಬೆಳಿಗ್ಗೆ ಆ ಮಗುವಿನ ಕೈ ಹಿಡಿದು ನಾವು ಬಸ್ಸಿಗಾಗಿ ನಿಂತಿದ್ದೆವು. ಎದುರಿನ ಹೊಟೇಲಿನ ಫಲಕದಲ್ಲಿ ‘ತಟ್ಟೆ ಇಡ್ಲಿ’ ಎಂದು ದೊಡ್ಡದಾಗಿ ಬರೆದಿತ್ತು. ಅಷ್ಟರಲ್ಲಿ ‘ತುಮಕೂರು’ ಎಂಬ ಫಲಕ ಹೊತ್ತ ಬಸ್ಸೊಂದು ಬಂತು. ಮಗು ಬಸ್ಸಿನತ್ತ ಬೆರಳು ತೋರಿಸಿ “ಇಡ್ಲಿ!” ಎಂದು ಕೂಗಿತು. ಸುತ್ತಲಿದ್ದವರು ನಕ್ಕರು. ನಮಗೂ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ದಿನವೂ ಕಾಣುವ ಹೊಟೇಲಿನ ಫಲಕದ ಮೊದಲ ಅಕ್ಷರವನ್ನು ಆ ಮಗು ಕೊಂಬಿನ ಸಮೇತ ಬಸ್ಸಿನ ಮೇಲೆ ಪತ್ತೆ ಹಚ್ಚಿತ್ತು. ಯಾರೂ ಕಲಿಸಿರಲಿಲ್ಲ, ಯಾರೂ ಹೊಡೆದಿರಲಿಲ್ಲ. ಮನೆಯಲ್ಲಿ ಉರ್ದು ಮಾತಾಡುವ ಮಗುವೊಂದು ಕನ್ನಡದ ‘ತ’ವನ್ನು ತಾನಾಗಿಯೇ ಗುರುತಿಸಿತ್ತು. ಇಂಥ ಮಗುವನ್ನು ಹಿಂದುಳಿದಿದೆ ಎಂದು ಡೈರಿಯಲ್ಲಿ ಬರೆಯುವುದಾದರೆ, ನಿಜವಾಗಿ ಹಿಂದುಳಿದಿರುವುದು ಯಾರು?

ಇಷ್ಟಕ್ಕೂ ಅಕ್ಷರ ಕಲಿಕೆಯೆಂದರೆ ಏನೆಂಬುದನ್ನು ನಾವು ಯೋಚಿಸಿದ್ದೇವೆಯೇ? ಇಂಗ್ಲಿಷಿನಲ್ಲಿ ಅಕ್ಷರಗಳು 26. ಕನ್ನಡದ ವರ್ಣಮಾಲೆಯಲ್ಲಿ 49. ಅದರ ಮೇಲೆ ಕಾಗುಣಿತ, ಅದರ ಮೇಲೆ ಒತ್ತಕ್ಷರ. ಕನ್ನಡ ಮಕ್ಕಳ ಓದಿನ ಬಗ್ಗೆ ಬೆಂಗಳೂರಿನ ಸಂಶೋಧಕಿ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಇಲ್ಲಿನ ಮಕ್ಕಳ ಅಕ್ಷರ ಕಲಿಕೆ ಒಂದೆರಡು ವರ್ಷಗಳಲ್ಲಿ ಮುಗಿಯುವಂಥದ್ದಲ್ಲ, ನಾಲ್ಕನೇ ತರಗತಿಯಲ್ಲೂ ಅದು ಮುಂದುವರಿದಿರುತ್ತದೆ ಎಂಬುದನ್ನು ತೋರಿಸಿಕೊಟ್ಟಿತು. ನಾಲ್ಕನೇ ತರಗತಿಯವರೆಗೆ ಸಾಗುವ ದಾರಿಯನ್ನು ನಾಲ್ಕನೇ ವಯಸ್ಸಿಗೇ ಮುಗಿಸಬೇಕೆಂದು ಹಟ ಹಿಡಿಯುವುದು ಯಾವ ನ್ಯಾಯ? ನಾಲ್ಕರ ಮಗುವಿನ ಮಣಿಕಟ್ಟಿನ ಎಂಟು ಮೂಳೆಗಳೂ ಇನ್ನೂ ಪೂರ್ತಿಯಾಗಿ ಗಟ್ಟಿಯಾಗಿರುವುದಿಲ್ಲ. ಆ ಕೈಗೆ ಪೆನ್ಸಿಲ್ ಕೊಟ್ಟು ಪುಟಗಟ್ಟಲೆ ಬರೆಸುತ್ತೇವೆ.

ನಮ್ಮ ಮನೆಗಳಲ್ಲಿ ಈ ಹೊರೆ ಇನ್ನಷ್ಟು ದೊಡ್ಡದು. ಬೆಳಿಗ್ಗೆ ಶಾಲೆಯಲ್ಲಿ ಇಂಗ್ಲಿಷ್ ಮತ್ತು ಕನ್ನಡ, ಸಂಜೆ ಮದ್ರಸದಲ್ಲಿ ಅರಬಿ. ಎರಡು ಲಿಪಿಗಳು ಎಡದಿಂದ ಬಲಕ್ಕೆ, ಇನ್ನೊಂದು ಬಲದಿಂದ ಎಡಕ್ಕೆ. ಅರಬಿಯ 28 ಅಕ್ಷರಗಳಲ್ಲಿ ಹೆಚ್ಚಿನವು ಪದದ ಆರಂಭ, ಮಧ್ಯ, ಅಂತ್ಯಗಳಲ್ಲಿ ರೂಪ ಬದಲಿಸುತ್ತವೆ. ಇದನ್ನೆಲ್ಲ ಕಲಿಯುವ ಸಾಮರ್ಥ್ಯ ಮಗುವಿಗಿದೆ, ಸಂದೇಹವಿಲ್ಲ. ಆದರೆ ಮೂರನ್ನೂ ಒಂದೇ ವರ್ಷದಲ್ಲಿ, ಒಂದೇ ವೇಗದಲ್ಲಿ, ಬೆತ್ತದ ನೆರಳಿನಲ್ಲಿ ಕಲಿಯಬೇಕೆಂದರೆ? ಮದ್ರಸದ ಚಾಪೆಯ ಮೇಲೆ ಕುಳಿತು ಬಂದ ನಮಗೆ, ಬೆತ್ತದ ಭಯದಲ್ಲಿ ಬಾಯಿಪಾಠ ಮಾಡಿದ್ದಕ್ಕೂ ಅಕ್ಷರವನ್ನು ಗುರುತಿಸಿದ್ದಕ್ಕೂ ಇರುವ ಅಂತರ ಚೆನ್ನಾಗಿ ಗೊತ್ತು.

ನಮ್ಮ ಹಿರಿಯರು ಈ ವಿಷಯದಲ್ಲಿ ನಮಗಿಂತ ತಾಳ್ಮೆಯುಳ್ಳವರಾಗಿದ್ದರು. ದಖ್ಖನಿನ ಮುಸ್ಲಿಮ್ ಮನೆಗಳಲ್ಲಿ ಮಗುವಿಗೆ ನಾಲ್ಕು ವರ್ಷ, ನಾಲ್ಕು ತಿಂಗಳು, ನಾಲ್ಕು ದಿನ ತುಂಬಿದಾಗ ಬಿಸ್ಮಿಲ್ಲಾ ಹೇಳಿಸುವ ರೂಢಿಯಿತ್ತು. ಹಿಂದೂ ಮನೆಗಳಲ್ಲಿ ವಿಜಯದಶಮಿಯಂದು ಅಕ್ಕಿಯ ಮೇಲೆ ಬೆರಳು ಹಿಡಿದು ಬರೆಸುತ್ತಾರೆ. ಎರಡೂ ಕಡೆ ನಡೆಯುವುದು ಒಂದೇ: ಅಕ್ಷರದ ಪರಿಚಯ ಮಾಡಿಸಿ, ಸಿಹಿ ಹಂಚಿ, ಮಗುವನ್ನು ಆಡಲು ಬಿಡುವುದು. ಮರುದಿನ ಪರೀಕ್ಷೆ ನಡೆಸಿ ಅಂಕ ಹಾಕಿದವರಿರಲಿಲ್ಲ.

ಪರ್ಯಾಯಕ್ಕಾಗಿ ದೂರ ಹುಡುಕಬೇಕಾಗಿಯೂ ಇಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಆರಂಭವಾದ ‘ನಲಿ-ಕಲಿ’ 2009-10ರಲ್ಲಿ ರಾಜ್ಯದ ಸರಕಾರಿ ಶಾಲೆಗಳ ಕಿರಿಯ ತರಗತಿಗಳಿಗೆಲ್ಲ ವಿಸ್ತರಿಸಿತು. ಅದರಲ್ಲಿ ಅ, ಆ, ಇ, ಈ ಎಂಬ ಕ್ರಮವಿಲ್ಲ. ಬರೆಯಲು ಸುಲಭವಾದ ರ, ಗ, ಸ, ದ, ಅ ಎಂಬ ಗುಂಪಿನಿಂದ ಆರಂಭ. ಗೋಡೆಯ ಮೇಲೊಂದು ಕಲಿಕಾ ಏಣಿ. ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತುತ್ತದೆ. ನಾಲ್ಕು ದಿನ ರಜೆ ಹಾಕಿ ಬಂದ ಮಗು ತಾನು ನಿಲ್ಲಿಸಿದ್ದ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಅದರ ಜಾರಿಯಲ್ಲಿ ಲೋಪಗಳಿರಬಹುದು, ಶಿಕ್ಷಕರ ಕೊರತೆ ಇರಬಹುದು. ಆದರೆ ತತ್ವ ಸರಿಯಾದುದು. ಸರಕಾರಿ ಶಾಲೆಯ ಆರು ವರ್ಷದ ಮಗುವಿಗೆ ಸಲ್ಲುವ ಈ ಗೌರವ, ಸಾವಿರಾರು ರೂಪಾಯಿ ಶುಲ್ಕ ತೆತ್ತ ನಾಲ್ಕು ವರ್ಷದ ಮಗುವಿಗೆ ಯಾಕೆ ಸಲ್ಲಬಾರದು?

ಶಾಲೆಗಳನ್ನು ಮಾತ್ರ ದೂರಿ ನಾವು ನುಣುಚಿಕೊಳ್ಳುವಂತಿಲ್ಲ. ಒಂದನೇ ತರಗತಿಗೆ 6 ವರ್ಷ ತುಂಬಿರಬೇಕೆಂಬ ನಿಯಮವನ್ನು 2025ರ ಏಪ್ರಿಲ್‌ನಲ್ಲಿ ರಾಜ್ಯ ಸರಕಾರ ಆ ಸಾಲಿನ ಮಟ್ಟಿಗೆ 5 ವರ್ಷ 5 ತಿಂಗಳಿಗೆ ಸಡಿಲಿಸಿತು. ಒತ್ತಾಯಿಸಿದವರು ಹೆತ್ತವರೇ. ಯುಕೆಜಿ ಮುಗಿಸಿದ ಮಗು ಒಂದು ವರ್ಷ ಕಾಯಬೇಕಾಗುತ್ತದೆ ಎಂಬುದು ಅವರ ದೂರು. ಆದರೆ ಅಷ್ಟು ಬೇಗ ಮಗುವನ್ನು ಆ ಸಾಲಿನಲ್ಲಿ ನಿಲ್ಲಿಸಿದವರು ಯಾರು?

‘ಸ್ಪರ್ಧೆಯ ಯುಗದಲ್ಲಿ ನಮ್ಮ ಮಕ್ಕಳು ಹಿಂದೆ ಬೀಳುವುದಿಲ್ಲವೇ’ ಎಂಬ ಹೆತ್ತವರ ಭೀತಿ ಸುಳ್ಳಲ್ಲ. 6ರಿಂದ 14ರ ವಯಸ್ಸಿನ ಮುಸ್ಲಿಮ್ ಮಕ್ಕಳಲ್ಲಿ ನಾಲ್ಕನೇ ಒಂದು ಭಾಗ ಶಾಲೆಯ ಮೆಟ್ಟಿಲು ಹತ್ತಿಲ್ಲ ಅಥವಾ ಅರ್ಧಕ್ಕೇ ಇಳಿದಿದ್ದಾರೆ ಎಂದು 2006ರ ಸಾಚಾರ್ ವರದಿ ಹೇಳಿತ್ತು. ಆ ಗಾಯವಿರುವ ಸಮುದಾಯದ ಆತುರ ನಮಗೆ ಅರ್ಥವಾಗುತ್ತದೆ. ಆದರೆ ‘ನೀನು ದಡ್ಡ’ ಎಂದು ನಾಲ್ಕನೇ ವಯಸ್ಸಿನಲ್ಲೇ ಕೇಳಿಸಿಕೊಂಡ ಮಗು ಹದಿನಾಲ್ಕನೇ ವಯಸ್ಸಿನವರೆಗೆ ಶಾಲೆಯಲ್ಲಿ ಉಳಿದೀತೇ? ಐದರಲ್ಲಿ ಓದಲು ಕಲಿತವರನ್ನೂ ಏಳರಲ್ಲಿ ಕಲಿತವರನ್ನೂ ನ್ಯೂಜಿಲೆಂಡ್‌ನ ಒಟಾಗೊ ವಿಶ್ವವಿದ್ಯಾಲಯದ ಸೆಬಾಸ್ಟಿಯನ್ ಸುಗೇಟ್ ಹೋಲಿಸಿ ನೋಡಿದಾಗ, ಹನ್ನೊಂದರ ಹೊತ್ತಿಗೆ ಓದಿನಲ್ಲಿ ಇಬ್ಬರಿಗೂ ವ್ಯತ್ಯಾಸ ಉಳಿದಿರಲಿಲ್ಲ. ಹಾಗಿದ್ದರೆ ಮುಂಚಿತವಾಗಿ ಸುರಿಸಿದ ಆ ಕಣ್ಣೀರಿನಿಂದ ದಕ್ಕಿದ್ದಾದರೂ ಏನು?

ಮಗುವಿನ ವೇಗಕ್ಕೆ ಬಿಡುವುದೆಂದರೆ ಅದನ್ನು ಅದರ ಪಾಡಿಗೆ ಬಿಟ್ಟು ಕೈ ತೊಳೆದುಕೊಳ್ಳುವುದೆಂದು ಯಾರೂ ಭಾವಿಸಬಾರದು. ಅದಕ್ಕೆ ಬರೆಸುವುದಕ್ಕಿಂತ ಹೆಚ್ಚಿನ ಶ್ರಮ ಬೇಕು. ಕಥೆ ಹೇಳಬೇಕು, ಬೀದಿಯ ಫಲಕ ತೋರಿಸಬೇಕು, ಮರಳಲ್ಲಿ ಬೆರಳಾಡಿಸಬೇಕು, ಮಗು ಕೇಳಿದ ಪ್ರಶ್ನೆಗೆ ಮೊಬೈಲ್ ಕೆಳಗಿಟ್ಟು ಉತ್ತರಿಸಬೇಕು. ಶಾಲೆಗೆ ಸೇರಿಸುವ ಮುನ್ನ ನಾವು ಕೇಳಬೇಕಾದ್ದು ಇಷ್ಟೇ: ಇಲ್ಲಿ ಮಗುವಿಗೆ ಮನೆಪಾಠದ ಹೊರೆ ಇದೆಯೇ? ಪರೀಕ್ಷೆ ಇದೆಯೇ? ಆಡಲು ಜಾಗವಿದೆಯೇ? ಇದೇ ಪ್ರಶ್ನೆಗಳನ್ನು ಮದ್ರಸದ ಆಡಳಿತ ಸಮಿತಿಗೂ ಕೇಳೋಣ.

ಕ್ಯಾತ್ಸಂದ್ರದ ಮಗ್ಗುಲಲ್ಲೇ ಇರುವ ಸಿದ್ಧಗಂಗೆಯಲ್ಲಿ ಅನ್ನ ಮತ್ತು ಆಶ್ರಯದ ಜೊತೆಗೆ ಅಕ್ಷರವನ್ನೂ ದಾಸೋಹವೆಂದೇ ಕರೆಯುತ್ತಾರೆ. ದಾಸೋಹದಲ್ಲಿ ಹಸಿವು ನೋಡಿ ಬಡಿಸುವುದು ಕ್ರಮ. ಉಣ್ಣುವವನ ಬಾಯಿಗೆ ತುರುಕಿ, ಬೇಗ ಉಣ್ಣಲಿಲ್ಲವೆಂದು ಹೊಡೆಯುವವರಿಲ್ಲ.

ಅಂದು ಬಸ್ಸು ಹೊರಟ ಮೇಲೆ ಆ ಮಗುವಿನ ತಂದೆಗೆ ನಾವು ಫೋನ್ ಮಾಡಿದೆವು. “ಟ್ಯೂಷನ್ ಬಿಡಿಸಿ, ಭಾಯ್. ನಿಮ್ಮ ಮಗ ಓದಲು ಶುರು ಮಾಡಿಯಾಗಿದೆ” ಎಂದೆವು. ಅವರು ನಂಬಿದರೋ ಇಲ್ಲವೋ. ನೀವಾದರೂ ನಿಮ್ಮ ಮಗುವಿನ ಬೆರಳು ಎತ್ತ ತೋರುತ್ತಿದೆಯೆಂದು ಇಂದೇ ನೋಡಿ.