ಒಂದೇ ಗೇರು, ಎರಡು ಮೊಣಕಾಲು

ಒಂದೇ ಗೇರಿನ ಸೈಕಲ್ಲಿಗೆ ಗೇರಿನ ಚಿಂತೆ ಏತಕ್ಕೆಂದು ಕೇಳುವವರುಂಟು. ಹಲವು ಗೇರುಗಳುಳ್ಳವನು ತಪ್ಪಿದರೆ ತಿದ್ದಿಕೊಳ್ಳಬಲ್ಲನು. ಒಂದೇ ಗೇರಿನವನಾದರೋ ಒಮ್ಮೆ ಆರಿಸಿದ ಪ್ರಮಾಣವನ್ನೇ ಏರಿನಲ್ಲಿಯೂ ಎದುರುಗಾಳಿಯಲ್ಲಿಯೂ ತುಳಿಯಬೇಕು. ಆದುದರಿಂದ ವಿಚಾರ ಹೆಚ್ಚು ಬೇಕಾದುದು ಅವನಿಗೇ. ವಿಪರ್ಯಾಸವೆಂದರೆ ಆ ಆಯ್ಕೆಯನ್ನು ಮಾಡುವವನು ಸವಾರನಲ್ಲ, ಕಾರ್ಖಾನೆ.

ಭಾರತದ 28 ಅಂಗುಲದ ಕರಿಯ ಸೈಕಲ್ಲಿಗೆ ಮುಂದೆ 44 ಅಥವಾ 48 ಹಲ್ಲುಗಳ ಚಕ್ರ, ಹಿಂದೆ 18 ಹಲ್ಲುಗಳ ಫ್ರೀವೀಲು ಇರುವುದು ಸಾಮಾನ್ಯ. 44ನ್ನು 18ರಿಂದ ಭಾಗಿಸಿ 28ರಿಂದ ಗುಣಿಸಿದರೆ ಸುಮಾರು 68 ಬರುತ್ತದೆ. ಇದು ಗೇರಿನ ಅಂಗುಲ. 1885ರಲ್ಲಿ ಸ್ಟಾರ್ಲಿಯ ರೋವರ್ ಸೈಕಲ್ಲು ಬರುವುದಕ್ಕೆ ಮುಂಚೆ, ಪೆಡಲನ್ನು ಮುಂದಿನ ಗಾಲಿಗೇ ಜೋಡಿಸುತ್ತಿದ್ದ ಎತ್ತರದ ಸೈಕಲ್ಲುಗಳಿಂದ ಉಳಿದುಬಂದ ಲೆಕ್ಕವಿದು. 68 ಎಂದರೆ ಅಷ್ಟು ಅಂಗುಲ ವ್ಯಾಸದ ಗಾಲಿಯನ್ನು ನೇರವಾಗಿ ತುಳಿದಂತೆ. ಅಂದಿನ ಸವಾರರ ಕಾಲು ಅಷ್ಟು ದೊಡ್ಡ ಗಾಲಿಗೆ ಎಟುಕುವುದೇ ದುರ್ಲಭವಾಗಿತ್ತು!

ಚೆನ್ನೈಯ ಸಮತಟ್ಟಾದ ಬೀದಿಗಳಿಗೆ ಈ ಪ್ರಮಾಣ ಸಲ್ಲುತ್ತದೆ. ಆದರೆ ಪುಣೆಯ ಸ್ವಾರಗೇಟಿನಿಂದ ಕಾತ್ರಜದ ಕಡೆಗೆ ಹೊರಟ ನಲವತ್ತೈದರ ಗೃಹಸ್ಥನಿಗೆ, ಹೈದರಾಬಾದಿನ ಬಂಜಾರಾ ಹಿಲ್ಸ್ ಹತ್ತುವವನಿಗೆ, ಅದು ದಂಡವೇ ಸರಿ. ಪೆಡಲು ನಿಧಾನವಾಗಿ ತಿರುಗಿದಷ್ಟೂ ಪ್ರತಿಯೊಂದು ತುಳಿತಕ್ಕೂ ಹೆಚ್ಚು ಬಲ ಬೇಕು; ಆ ಬಲದ ಒತ್ತಡ ಮಂಡಿಚಿಪ್ಪಿನ ಹಿಂಭಾಗದ ಮೇಲೆ ಬೀಳುತ್ತದೆ. ಕೆಲವು ತಿಂಗಳಲ್ಲಿ ನೋವು ಕಾಣಿಸಿಕೊಂಡರೆ ಸವಾರನು ದೂರುವುದು ತನ್ನ ವಯಸ್ಸನ್ನು. ಸೈಕಲ್ಲು ಮೆಟ್ಟಿಲ ಕೆಳಗೆ ತುಕ್ಕು ಹಿಡಿಯುತ್ತದೆ. ಹೃದಯಕ್ಕೂ ಸಕ್ಕರೆ ಕಾಯಿಲೆಗೂ ಹಿತವಾದ ಒಂದು ವ್ಯಾಯಾಮ ನಾಲ್ಕು ಹಲ್ಲುಗಳ ಕೊರತೆಯಿಂದ ನಿಂತುಹೋಗುವುದು ಖೇದದ ಸಂಗತಿ.

ನಾಲ್ಕೇ ಹಲ್ಲು. ಹಿಂದಿನ 18ರ ಬದಲು 22 ಹಾಕಿಸಿದರೆ ಗೇರು 56 ಅಂಗುಲಕ್ಕೆ ಇಳಿಯುತ್ತದೆ, ಅದೇ ಏರಿಗೆ ಬೇಕಾದ ತುಳಿತದ ಬಲ ಶೇಕಡಾ 18ರಷ್ಟು ಕಡಿಮೆಯಾಗುತ್ತದೆ. ಯಂತ್ರವು ರಿಯಾಯಿತಿ ಕೊಡುವುದಿಲ್ಲವಷ್ಟೆ: ಬಲದಲ್ಲಿ ಉಳಿಸಿದುದನ್ನು ದೂರದಲ್ಲಿ ತೆರಬೇಕು. ಒಂದು ಸುತ್ತಿಗೆ ಸುಮಾರು 5.5 ಮೀಟರು ಸಾಗುತ್ತಿದ್ದ ಸೈಕಲ್ಲು 4.5 ಮೀಟರು ಸಾಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 20 ಕಿಲೋಮೀಟರಿಗೆ ಸಮೀಪವಿದ್ದ ವೇಗ 16ಕ್ಕೆ ಇಳಿಯುತ್ತದೆ. ಕಚೇರಿ 5 ಕಿಲೋಮೀಟರು ದೂರವಿದ್ದರೆ ನಷ್ಟ ಮೂರೂವರೆ ನಿಮಿಷ; ಅದನ್ನು ಒಂದೆರಡು ಸಿಗ್ನಲ್ಲುಗಳೇ ನುಂಗುತ್ತವೆ. ಮೇಲಾಗಿ ಹಗುರವಾದ ಪೆಡಲನ್ನು 70 ಸುತ್ತು ತಿರುಗಿಸುವುದು ಕಷ್ಟವಲ್ಲ, ಆಗ ವೇಗ 19ರ ಹತ್ತಿರಕ್ಕೆ ಮರಳುತ್ತದೆ. ಭಾರವಾದ ಗೇರೇ ಪೌರುಷವೆಂಬ ತರುಣರ ಭ್ರಮೆಯನ್ನು ಗೃಹಸ್ಥರು ಪಾಲಿಸಬೇಕಾಗಿಲ್ಲ. ಸಮತಟ್ಟಿನ ಊರಿನಲ್ಲಿ 20 ಹಲ್ಲು ಸಾಕು. 18 ಇದ್ದರೂ ನೋವಿಲ್ಲದವನು ಬದಲಾಯಿಸುವ ಅಗತ್ಯವಿಲ್ಲ.

ಅಂಗಡಿಯವನು "ಕಂಪೆನಿ ಹಾಕಿದ್ದೇ ಸರಿ" ಎಂದು ವಾದಿಸಬಹುದು. ಕಂಪೆನಿಗೆ ಸವಾರನ ಊರಾಗಲಿ ವಯಸ್ಸಾಗಲಿ ತಿಳಿದಿಲ್ಲ. ಹಲ್ಲು ಹೆಚ್ಚಿಸಿದಾಗ ಹಿಂದಿನ ಗಾಲಿಯನ್ನು ಅರ್ಧ ಅಂಗುಲ ಮುಂದಕ್ಕೆ ಸರಿಸಬೇಕು. ಅಷ್ಟು ಎಡೆಯಿಲ್ಲದಿದ್ದರೆ ಚೈನನ್ನು ಒಂದು ಅಂಗುಲ ಉದ್ದ ಮಾಡಿಸಬೇಕು. ಆಗಲೇ ಸೀಟಿನ ಎತ್ತರವನ್ನೂ ಸರಿಪಡಿಸಿಕೊಳ್ಳುವುದು ಲೇಸು. ಪೆಡಲು ಕೆಳಗಿರುವಾಗ ಮೊಣಕಾಲು ತುಸುವೇ ಬಾಗಿರಬೇಕು. ಸೀಟು ತೀರ ತಗ್ಗಾಗಿದ್ದರೆ 22 ಹಲ್ಲಿನಿಂದಲೂ ನೋವು ತಪ್ಪದು. ಮಂಡಿ ಊದಿಕೊಂಡಿರುವವರು ಮಾತ್ರ ಸೈಕಲ್ಲಿನ ಅಂಗಡಿಗಿಂತ ಮೊದಲು ವೈದ್ಯರ ಬಳಿಗೆ ಹೋಗತಕ್ಕದ್ದು.