ಹತ್ತು ಗಂಟೆಯ ಸುಳ್ಳು ಲೆಕ್ಕ: ಪ್ರಾಂಶುಪಾಲರಿಗೊಂದು ಬಹಿರಂಗ ಪತ್ರ

ಮಾನ್ಯ ಪ್ರಾಂಶುಪಾಲರೇ,

ತಮ್ಮ ಕಾಲೇಜಿನ ಸಮುದಾಯ ಶಿಕ್ಷಣ ವಿಭಾಗ ನಡೆಸಿದ ವಾಹನ ಚಾಲನೆ ಮತ್ತು ರಸ್ತೆ ಸುರಕ್ಷತೆ ಕೋರ್ಸಿನ ವಿಚಾರ ಊರಿಗೆಲ್ಲ ಗೊತ್ತಿರುವುದೇ. ಪೋಷಕರು ಕೊಟ್ಟ ಮನವಿಗೆ ಹಿಂಬರಹ ಬರಲಿಲ್ಲ. ಕಾಲೇಜು ಅಭಿವೃದ್ಧಿ ಸಮಿತಿಯವರು ‘ನೋಡೋಣ’ ಎಂದರು, ನೋಡಲಿಲ್ಲ. ಬೇರೆ ದಾರಿ ಕಾಣದೆ ಹೀಗೆ ಎಲ್ಲರ ಮುಂದೆ ಬರೆಯುತ್ತಿದ್ದೇನೆ.

ಕೋರ್ಸಿನ ಉದ್ಘಾಟನೆಯ ದಿನ ತಾವು ಮೈಕ್ ಹಿಡಿದು ಒಂದು ಮಾತು ಕೊಟ್ಟಿರಿ: ಹತ್ತು ಗಂಟೆ ಸ್ಟೇರಿಂಗ್ ಹಿಡಿಯದ ಯಾವ ಮಗುವಿನ ಕೈಗೂ ಈ ಕಾಲೇಜಿನ ಸರ್ಟಿಫಿಕೇಟ್ ಕೊಡುವುದಿಲ್ಲ ಎಂದು. ಆ ಮಾತು ಕೇಳಿಯೇ ನಾನು ಮಗಳ ಶುಲ್ಕ ಕಟ್ಟಿದೆ. ಆಮೇಲೆ ಆದದ್ದೇನು? ಇಡೀ ಬ್ಯಾಚಿಗೆ ಒಂದೇ ಕಾರು, ಅದೂ ಬಹುಪಾಲು ದಿನ ಗ್ಯಾರೇಜಿನಲ್ಲಿ. ಕಲಿಸುವವರು ನಡುವೆಯೇ ಬಿಟ್ಟು ಹೋದರು. ಮಕ್ಕಳು ಕಾಲೇಜು ಮೈದಾನದಲ್ಲಿ ಎರಡನೇ ಗೇರು ದಾಟದೆ ಸುತ್ತು ಹಾಕಿದರು. ಕೊನೆಯ ದಿನ ರಿಜಿಸ್ಟರ್ ತಂದಿಟ್ಟು, ಅಷ್ಟೂ ದಿನಗಳ ಸಾಲಿಗೆ ಒಂದೇ ಸಲಕ್ಕೆ ಸಹಿ ಹಾಕಿಸಿಕೊಂಡರು. ಎದುರಿಗೆ ನಿಂತವರು ಮೇಷ್ಟ್ರು, ಮಕ್ಕಳು ಹಾಕದೆ ಏನು ಮಾಡಿಯಾರು?

ಆ ರಿಜಿಸ್ಟರಿಗೆ ನಮೂನೆ 15 ಎನ್ನುತ್ತಾರೆ. ಯಾವ ದಿನ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಗಾಡಿ ಓಡಿಸಿದರು ಎಂದು ಬರೆದು, ಕಲಿಸಿದವರೂ ಕಲಿತವರೂ ಸಹಿ ಮಾಡುವ ದಾಖಲೆ ಅದು. ಕಾರು ಕಲಿಸುವ ಶಾಲೆ ಕನಿಷ್ಠ 21 ದಿನ ಪಾಠ ಮಾಡಬೇಕು, ಅದರಲ್ಲಿ ಕನಿಷ್ಠ 10 ಗಂಟೆ ಚಾಲನೆಯೇ ಇರಬೇಕು ಎಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. 2021ರ ಜುಲೈನಿಂದ ಜಾರಿಗೆ ಬಂದ ನಿಯಮದಂತೆ ಮಾನ್ಯತೆ ಪಡೆದ ತರಬೇತಿ ಕೇಂದ್ರಗಳಲ್ಲಂತೂ ಲಘು ವಾಹನಕ್ಕೆ 29 ಗಂಟೆಯ ಕಲಿಕೆ, ಅದರಲ್ಲಿ 21 ಗಂಟೆ ಗಾಡಿಯಲ್ಲೇ. ತಾವು ಕೊಟ್ಟ ಮಾತು ಕಾನೂನಿನ ಕನಿಷ್ಠಕ್ಕಿಂತ ಒಂದು ಗಂಟೆಯೂ ಹೆಚ್ಚಿನದಲ್ಲ. ಅಷ್ಟನ್ನೂ ನಡೆಸಿಕೊಡಲಿಲ್ಲ.

ನಾನು ಸಾರಿಗೆ ಸಂಸ್ಥೆಯ ಬಸ್ಸು ಓಡಿಸಿ ನಿವೃತ್ತನಾದವನು. ಶಿರಾಡಿ, ಚಾರ್ಮಾಡಿ ಎರಡೂ ಘಾಟಿಗಳಲ್ಲಿ ಹಗಲೂ ರಾತ್ರಿಯೂ ಗಾಡಿ ಇಳಿಸಿದ್ದೇನೆ. ಕ್ಲಚ್ಚು, ಗೇರು ಕೈಕಾಲಿಗೆ ಕೂರುವುದಕ್ಕೇ ಮೊದಲ ಎರಡು ಮೂರು ಗಂಟೆ ಬೇಕು. ಆಮೇಲೆ ಶುರುವಾಗುವುದು ಕಣ್ಣಿನ ಪಾಠ. ಯಾವ ಗೇರಿನಲ್ಲಿ ಘಾಟಿ ಹತ್ತುತ್ತೇವೋ ಅದೇ ಗೇರಿನಲ್ಲಿ ಇಳಿಯಬೇಕು. ಬ್ರೇಕನ್ನೇ ತುಳಿಯುತ್ತ ಹೋದರೆ ಲೈನರ್ ಕಾದು ಹಿಡಿತ ಬಿಡುತ್ತದೆ. ಎದುರು ಗಾಡಿಯವನು ಡಿಮ್ ಮಾಡದಿದ್ದರೆ ಅವನ ಲೈಟು ದಿಟ್ಟಿಸದೆ ರಸ್ತೆಯ ಎಡ ಅಂಚು ನೋಡಬೇಕು. ಮೊದಲ ಮಳೆಗೆ ಎಣ್ಣೆಯೂ ಧೂಳೂ ಕಲಸಿಕೊಂಡು ಟೈರು ಜಾರುತ್ತದೆ. ಅರವತ್ತರಲ್ಲಿ ಹೋಗುವ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಓಡಿರುತ್ತದೆ. ಎರಡು ಸೆಕೆಂಡು ಮೊಬೈಲ್ ನೋಡಿದವನು 33 ಮೀಟರ್ ಕಣ್ಣು ಮುಚ್ಚಿ ಓಡಿಸಿದಂತೆಯೇ. ಇದೆಲ್ಲ ಮೈಗೆ ಹತ್ತಬೇಕಾದರೆ ಪಕ್ಕದಲ್ಲಿ ಬಲ್ಲವನೊಬ್ಬ ಕೂತಿರಬೇಕು, ಗಾಡಿ ರಸ್ತೆಯಲ್ಲಿರಬೇಕು. ಮೈದಾನದಲ್ಲಿ ಎದುರಿಗೆ ಲಾರಿ ಬರುವುದಿಲ್ಲ.

ಇದನ್ನೇ ಹೇಳಲು ಬಂದಾಗ ತಾವು ವರಾಂಡದಲ್ಲಿ ನಿಂತ ಕಾಲಲ್ಲೇ ಕೇಳಿದಿರಿ, “ಸರ್ಟಿಫಿಕೇಟ್ ಬಂತಲ್ಲ, ಇನ್ನೇನು ಬೇಕು?”

ಏನು ಬೇಕು ಎಂದು ಈಗ ಹೇಳುತ್ತೇನೆ, ಕೇಳಿ. 2022ರಲ್ಲಿ ಈ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಕೇಂದ್ರ ಸರ್ಕಾರವೇ ಕೊಟ್ಟ ಲೆಕ್ಕ ಇದು. ಅವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಬೈಕು, ಸ್ಕೂಟರಿನವರು. ನಿಮ್ಮ ಬ್ಯಾಚಿನ ಹುಡುಗನೊಬ್ಬ ಆಗಲೇ ತರಕಾರಿ ಟೆಂಪೋ ಏರಿದ್ದಾನೆ. ಕಾನೂನು ಅವನನ್ನು ತಡೆಯುವುದಿಲ್ಲ. ಲಘು ವಾಹನದ ಲೈಸೆನ್ಸ್ ಇದ್ದವರು 7,500 ಕಿಲೋ ತೂಕದೊಳಗಿನ ಸರಕು ಗಾಡಿಯನ್ನೂ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರಲ್ಲಿ ಹೇಳಿದೆ. ಲೋಡು ಹೊತ್ತು ಘಾಟಿ ಇಳಿಯುವ ಆ ಹುಡುಗನಿಗೆ ಹತ್ತು ಗಂಟೆ ಕಲಿಸಿದ್ದೇವೆ ಎಂದು ಬರೆದುಕೊಟ್ಟವರು ನೀವು. ಅವನ ಎದುರಿಗೆ ಬರುವ ಬಸ್ಸಿನಲ್ಲಿ ಯಾರ ಮಕ್ಕಳಿರುತ್ತಾರೋ!

ಇದು ನಿಮ್ಮೊಬ್ಬರ ಕಾಲೇಜಿನ ಕಥೆಯಲ್ಲ ಎಂಬುದೂ ನನಗೆ ಗೊತ್ತು. ಮೈದಾನದಲ್ಲಿ ಎಂಟು ಹಾಕಿ ತೋರಿಸಿದರೆ ಡಿಎಲ್ ಕೈಗೆ ಬರುತ್ತದೆ. ಜನವರಿ ಬಂತೆಂದರೆ ರಸ್ತೆ ಸುರಕ್ಷತಾ ಮಾಸ: ಬ್ಯಾನರ್ ಕಟ್ಟಿ, ಪ್ರತಿಜ್ಞೆ ಹೇಳಿಸಿ, ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಸಂಜೆ ಕಾಲೇಜು ಬಿಡುವ ಹೊತ್ತಿಗೆ ಬಸ್ಸಿಲ್ಲದೆ ಒಂದು ಬೈಕಿನಲ್ಲಿ ಮೂವರು ಹೋಗುವುದನ್ನು ಆ ಬ್ಯಾನರಿನ ಕೆಳಗೇ ನೋಡುತ್ತೇವೆ. ಗೇಟಿನ ಮುಂದೆ ಜೀಬ್ರಾ ಪಟ್ಟೆ ಬಳಿಸುವುದಕ್ಕೂ ಯಾರಿಗೂ ಪುರುಸೊತ್ತಿಲ್ಲ. ಆದರೆ ಆ ಜನ ಯಾರೂ ಮೈಕ್ ಹಿಡಿದು ನನಗೆ ಮಾತು ಕೊಟ್ಟಿರಲಿಲ್ಲ. ಕೊಟ್ಟವರು ನೀವು.

ಆ ನಮೂನೆ 15ರ ಪುಟಗಳನ್ನು ರದ್ದು ಮಾಡಿ. ಕೊಟ್ಟ ಸರ್ಟಿಫಿಕೇಟುಗಳನ್ನು ವಾಪಸ್ ತೆಗೆದುಕೊಂಡು, ಪ್ರತಿಯೊಬ್ಬರಿಗೂ ಬಾಕಿ ಇರುವ ಗಂಟೆಗಳನ್ನು ರಸ್ತೆಯ ಮೇಲೆ ಕಲಿಸಿ, ಆಮೇಲೆ ಸಹಿ ತೆಗೆದುಕೊಳ್ಳಿ. ಕಲಿಸುವವರಿಲ್ಲ ಎನ್ನಬೇಡಿ, ಅಪಘಾತವಿಲ್ಲದೆ ಸೇವೆ ಮುಗಿಸಿದ ಚಾಲಕರು ಈ ಊರಿನಲ್ಲಿ ಹಲವರಿದ್ದೇವೆ, ನಿಯಮದಂತೆ ನೇಮಿಸಿಕೊಂಡರೆ ಸಂಬಳ ಕೇಳದೆ ಬರುತ್ತೇವೆ. ರಿಜಿಸ್ಟರಿನ ಪ್ರತಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದ್ದೇನೆ. ಅದು ಕೈಗೆ ಬರುವುದರೊಳಗೆ ನೀವಾಗಿಯೇ ಸರಿಪಡಿಸದಿದ್ದರೆ, ಪುಟ ಪುಟವನ್ನೂ ಸಾರಿಗೆ ಆಯುಕ್ತರ ಮುಂದಿಡುತ್ತೇನೆ.

ಇಂತಿ,
ವಿದ್ಯಾರ್ಥಿನಿಯೊಬ್ಬಳ ತಂದೆ, ನಿವೃತ್ತ ಬಸ್ ಚಾಲಕ