ಹಾಡುವವರಿಗೊಂದು ಬ್ಲಾಕ್
ಈ ವಾರ ಬನಶಂಕರಿಯಲ್ಲಿ ಮೆಟ್ರೋ ಹತ್ತಿದ ನೀಲಿ ಜೆರ್ಸಿಯ ಹುಡುಗರು ಗೆಳೆಯನೊಬ್ಬನಿಗೆ ಹಾಡು ಕಲಿಸುತ್ತಿದ್ದರು, ಕಂಠೀರವ ಕ್ರೀಡಾಂಗಣಕ್ಕೆ ಫುಟ್‌ಬಾಲ್ ಪಂದ್ಯ ನೋಡಲು ಹೊರಟವರು. 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿದಾಗ ಅಶೋಕನಗರದ ಫುಟ್‌ಬಾಲ್ ಮೈದಾನದಲ್ಲಿ ಅಭಿಮಾನಿಗಳು ತಾವಾಗಿಯೇ ಒಟ್ಟಿಗೆ ನಿಂತು ಹಾಡತೊಡಗಿದರು. ಅವರೇ ವೆಸ್ಟ್ ಬ್ಲಾಕ್ ಬ್ಲೂಸ್. ತಂಡ ಈಗ ಆಡುವ ಕಂಠೀರವದಲ್ಲಿ ಮೈದಾನಕ್ಕೂ ಗ್ಯಾಲರಿಗೂ ನಡುವೆ ಓಟದ ಟ್ರ್ಯಾಕ್ ಇದೆ. ಚದುರಿ ಕೂತವರ ದನಿ ಅದನ್ನು ದಾಟುವುದು ಕಷ್ಟ. ಒಟ್ಟಿಗೆ ಕೂತರೆ ಹಾಡು ಹೇಗೆ ಹಬ್ಬುತ್ತದೆ ಎಂಬುದಕ್ಕೆ ನಮ್ಮ ಬಡಾವಣೆಗಳ ರಾಮನವಮಿ ಭಜನೆ ನೋಡಿ: ಒಬ್ಬರು ಎತ್ತಿಕೊಟ್ಟರೆ ಪಕ್ಕದವರು ಹಿಡಿಯುತ್ತಾರೆ, ಆಮೇಲೆ ಹಿಂದಿನ ಸಾಲಿನ ಸಂಕೋಚದ ಮನುಷ್ಯನೂ ಬಾಯಿ ಬಿಡುತ್ತಾನೆ. ಡಿಜೆ ಇಟ್ಟು ಈ ಹುರುಪು ತರಲಾಗದು. ಕ್ರೀಡಾಂಗಣಗಳು ಹಾಡುವವರಿಗೆ ಒಂದು ಬ್ಲಾಕ್ ಬಿಟ್ಟುಕೊಡಲಿ, ಡೋಲು ತರಲು ಬಿಡಲಿ, ಟಿಕೆಟ್ ಅಗ್ಗವಾಗಿಡಲಿ. ಮುಂದಿನ ಪಂದ್ಯಕ್ಕೆ ಹೋಗುವವರು ಪಶ್ಚಿಮದ ಬ್ಲಾಕಿಗೇ ಟಿಕೆಟ್ ಕೊಳ್ಳಿ, ಗಂಟಲು ಬಿಚ್ಚಿ ಹಾಡಿ.